ರದ್ದಿಯೇ ಹಬ್ಬದ ಸಿಂಗಾರ!

ಹಬ್ಬದ ತೋರಣದ ಜೊತೆಗೆ ಕಸದ ಬುಟ್ಟಿಯನ್ನೂ ತೂಗುಹಾಕುವ ಊರೊಂದಿದೆ. ನಿಮಗಿದು ಗೊತ್ತೇ? ಅದು ಜಪಾನಿನ ಸೆಂದಾಯ್. ಪ್ರತಿ ವರ್ಷ ಆಗಸ್ಟ್ 6ರಿಂದ 8ರವರೆಗೆ ಅಲ್ಲಿ ತನಾಬಾತ ಹಬ್ಬ. ಎತ್ತರದ ಬಿದಿರುಗಳಿಂದ ಬಣ್ಣದ ಕಾಗದದ ಗೊಂಡೆಗಳು ಬೀದಿಯುದ್ದಕ್ಕೂ ಇಳಿಬಿದ್ದಿರುತ್ತವೆ. ಅಲ್ಲಿನ ಅಲಂಕಾರ ಏಳು ಬಗೆ. ಕೊಕ್ಕರೆ, ಕಿಮೋನೊ, ಹಣದ ಚೀಲ, ಮೀನಿನ ಬಲೆ, ಹೀಗೆ. ಅವುಗಳಲ್ಲಿ ಒಂದು ಕಸದ ಬುಟ್ಟಿ! ಉಳಿದ ಆರನ್ನು ಮಾಡುವಾಗ ಬಿದ್ದ ಕಾಗದದ ಚೂರುಗಳನ್ನೆಲ್ಲ ಅದರೊಳಗೆ ತುಂಬುತ್ತಾರೆ. ಆಮೇಲೆ ಅದನ್ನೂ ಉಳಿದವುಗಳ ಸಾಲಿನಲ್ಲೇ ತೂಗುಬಿಡುತ್ತಾರೆ. ಅಚ್ಚುಕಟ್ಟುತನಕ್ಕೂ ಮಿತವ್ಯಯಕ್ಕೂ ಅದೇ ಗುರುತು. ಕಸಕ್ಕೂ ಹಬ್ಬದಲ್ಲಿ ಪಾಲು!

ಅಷ್ಟಕ್ಕೂ ಕಾಗದ ಹುಟ್ಟಿದ್ದೇ ಕಸದಿಂದ! ಚೀನಾದ ಹಾನ್ ಅರಮನೆಯ ಅಧಿಕಾರಿ ಚಾಯ್ ಲುನ್ ಕ್ರಿ.ಶ. 105ರಲ್ಲಿ ಚಕ್ರವರ್ತಿಗೆ ತನ್ನ ಕಾಗದವನ್ನು ಒಪ್ಪಿಸಿದ. ಅದಕ್ಕೆ ಏನೇನು ಹಾಕಿದ್ದ ಗೊತ್ತೇ? ಮರದ ತೊಗಟೆ, ಸೆಣಬಿನ ತುಂಡು, ಹರಿದ ಬಟ್ಟೆ, ಹಳೆಯ ಮೀನುಬಲೆ. ಎಲ್ಲವೂ ಬೇಡವೆಂದು ಬಿಟ್ಟ ಸಾಮಾನು!

ಒಮ್ಮೆ ಬರೆದ ಕಾಗದವನ್ನು ನೆನೆಸಿ, ಅರೆದು, ಮತ್ತೆ ಕಾಗದ ಮಾಡುವುದು ನಮ್ಮ ಕಾಲದ ಹೊಸ ವಿದ್ಯೆ ಅಂದುಕೊಂಡಿರಾ? ಜಪಾನಿನಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಇದು ನಡೆದಿತ್ತು. ಆಗ ಶಾಯಿಯನ್ನು ತೆಗೆಯಲು ಬರುತ್ತಿರಲಿಲ್ಲ. ಹಾಗಾಗಿ ಮರುಹುಟ್ಟಿನ ಕಾಗದವೆಲ್ಲ ಮಳೆಮೋಡದ ಹಾಗೆ ಬೂದು ಬಣ್ಣ. ಆ ಬೂದು ಕಾಗದ ಅರಮನೆಯ ಕೆಲಸಕ್ಕೂ ಬರುತ್ತಿತ್ತು!

ಇದರ ಹಿಂದೆ ಒಂದು ಪ್ರೀತಿಯ ಕಥೆಯೂ ಇದೆ. 9ನೇ ಶತಮಾನದಲ್ಲಿ ಸೇಯ್ವ ಚಕ್ರವರ್ತಿ ತೀರಿಕೊಂಡಾಗ ಅವನ ರಾಣಿಯರಲ್ಲಿ ಒಬ್ಬಳು ಅವನು ತನಗೆ ಬರೆದಿದ್ದ ಪತ್ರಗಳನ್ನೆಲ್ಲ ಒಟ್ಟು ಮಾಡಿದಳು. ಅವನ್ನು ಸುಡಲಿಲ್ಲ, ಪೆಟ್ಟಿಗೆಯಲ್ಲಿ ಬಚ್ಚಿಡಲೂ ಇಲ್ಲ. ಅವೇ ಪತ್ರಗಳಿಂದ ಹೊಸ ಕಾಗದ ಮಾಡಿಸಿದಳು. ಅದರ ಮೇಲೆ ಬೌದ್ಧ ಸೂತ್ರ ಬರೆಸಿದಳು. ಗಂಡನ ಅಕ್ಷರ ಕರಗಿದ ಹಾಳೆಯ ಮೇಲೆ ಗಂಡನ ಸದ್ಗತಿಗಾಗಿ ಪ್ರಾರ್ಥನೆ!

ಈಗ ಮದುವೆ, ಹುಟ್ಟುಹಬ್ಬ, ಕ್ರಿಕೆಟ್ ಗೆಲುವು ಎಲ್ಲದಕ್ಕೂ ಢಬ್ ಎಂದು ಹಾರುತ್ತದಲ್ಲ, ಬಣ್ಣದ ಚೂರು ಕಾಗದ, ಕಾನ್ಫೆಟಿ? ಅದರ ಹುಟ್ಟು ಎಲ್ಲಿ ಗೊತ್ತೇ? ರೇಷ್ಮೆ ಹುಳುವಿನ ಮನೆಯಲ್ಲಿ!

ಇಟಲಿಯ ಮಿಲಾನ್ ಸುತ್ತಮುತ್ತ ಆಗ ಮನೆಮನೆಯಲ್ಲೂ ರೇಷ್ಮೆ ಸಾಕಣೆ. ಹುಳುಗಳ ಹಾಸಿಗೆ ಶುದ್ಧಿ ಮಾಡಲು ಅವರದೊಂದು ಉಪಾಯವಿತ್ತು. ತೂತು ತೂತಾದ ಕಾಗದವನ್ನು ಹುಳುಗಳ ಮೇಲೆ ಹಾಸಿ, ಅದರ ಮೇಲೆ ಹೊಸ ಹಿಪ್ಪುನೇರಳೆ ಸೊಪ್ಪು ಹರಡುವುದು. ಹಸಿದ ಹುಳುಗಳು ತೂತಿನಿಂದ ನುಸುಳಿ ಮೇಲೇರುತ್ತವೆ. ಕೆಳಗಿನ ಹಿಕ್ಕೆ, ಒಣಸೊಪ್ಪು ಕೆಳಗೇ ಉಳಿಯುತ್ತದೆ. ಶಿಡ್ಲಘಟ್ಟ, ರಾಮನಗರದ ಕಡೆಯ ಸಾಕಣೆದಾರರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅವರು ಬಲೆ ಹಾಸಿ ಮಾಡುವುದನ್ನೇ ಅಲ್ಲಿ ಕಾಗದ ಹಾಸಿ ಮಾಡುತ್ತಿದ್ದರು!

ಸರಿ, ಅಷ್ಟೊಂದು ತೂತು ಹೊಡೆದರೆ ಅಷ್ಟೇ ದುಂಡು ಚೂರುಗಳು ಉದುರಬೇಕಲ್ಲ? ಅವು ಬರೀ ಕಸ. ಎನ್ರಿಕೊ ಮಂಜಿಲಿ ಎಂಬ ಎಂಜಿನಿಯರ್ ಕಣ್ಣಿಗೆ ಮಾತ್ರ ಅವು ಬೇರೆಯೇ ಆಗಿ ಕಂಡವು. ಮಿಲಾನಿನ ಕಾರ್ನಿವಲ್ ಹಬ್ಬದಲ್ಲಿ ಜನ ಒಬ್ಬರ ಮೇಲೊಬ್ಬರು ಸಕ್ಕರೆ ಲೇಪಿಸಿದ ಕೊತ್ತಂಬರಿ ಬೀಜ, ಸುಣ್ಣದ ಉಂಡೆ ಎಸೆದಾಡುತ್ತಿದ್ದರು. ಬಿದ್ದರೆ ನೋವು, ಬಟ್ಟೆಯೆಲ್ಲ ಹಾಳು. ಈತ 1875ರ ಸುಮಾರಿಗೆ ಆ ಕಾಗದದ ಚೂರುಗಳನ್ನು ಎಸೆಯುವ ದಾರಿ ತೋರಿಸಿದ. ನೋವಿಲ್ಲ, ಕಲೆಯಿಲ್ಲ, ಬೆಲೆಯೂ ಇಲ್ಲ! ಇವತ್ತು ಲೋಕವೆಲ್ಲ ಎರಚಾಡುವುದು ಆ ಹುಳುಗಳ ಹಾಸಿಗೆಯ ತೂತುಗಳನ್ನೇ!

ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1886ರ ಅಕ್ಟೋಬರ್ 28. ನ್ಯೂಯಾರ್ಕಿನಲ್ಲಿ ಲಿಬರ್ಟಿ ಪ್ರತಿಮೆಯ ಉದ್ಘಾಟನೆ. ಬೀದಿಯಲ್ಲಿ ಮೆರವಣಿಗೆ. ಷೇರುಪೇಟೆ ಕಚೇರಿಗಳಲ್ಲಿ ಆಗ ಷೇರಿನ ಬೆಲೆ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಅಚ್ಚಾಗಿ ಬರುತ್ತಿತ್ತು. ಓದಿದ ಮೇಲೆ ಅದು ರದ್ದಿ. ಗುಮಾಸ್ತರಿಗೆ ಸಡಗರ ತಡೆಯಲಾಗಲಿಲ್ಲ. ಆ ಪಟ್ಟಿಗಳನ್ನೆಲ್ಲ ಕಿಟಕಿಯಿಂದ ಕೆಳಗೆ ಬಿಟ್ಟೇಬಿಟ್ಟರು! ಯಾರೂ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ವೀರರು, ಗಗನಯಾನಿಗಳು, ಆಟಗಾರರು ಯಾರೇ ಗೆದ್ದು ಬಂದರೂ ಆ ನಗರದಲ್ಲಿ ಕಾಗದದ ಮಳೆ!

ಆ ಮಳೆ ಎಷ್ಟಿರಬಹುದು? 1945ರಲ್ಲಿ ಎರಡನೇ ಮಹಾಯುದ್ಧ ಮುಗಿದ ಸಂಭ್ರಮದಲ್ಲಿ ನ್ಯೂಯಾರ್ಕಿನ ಬೀದಿಗಳಿಗೆ ಬಿದ್ದ ಕಾಗದ ಮತ್ತಿತರ ಚೂರು 5,400 ಟನ್‌ಗೂ ಹೆಚ್ಚು ಎಂದು ದಾಖಲೆ ಹೇಳುತ್ತದೆ. ಗುಡಿಸಿದವರನ್ನು ನೆನೆದರೆ ಅಯ್ಯೋ ಎನಿಸುತ್ತದೆ!

ಕಚೇರಿಯ ರದ್ದಿಯಿಂದ ಫಜೀತಿಯೂ ಆಗಿದೆ. 2012ರ ನವೆಂಬರಿನಲ್ಲಿ ಅದೇ ನ್ಯೂಯಾರ್ಕಿನ ಒಂದು ದೊಡ್ಡ ಹಬ್ಬದ ಮೆರವಣಿಗೆ. ತಲೆ ಮೇಲೆ ಬಿದ್ದ ಚೂರೊಂದನ್ನು ಯಾರೋ ಎತ್ತಿ ನೋಡಿದರೆ, ಅದರಲ್ಲಿ ಅಕ್ಷರ! ಇನ್ನಷ್ಟು ಆರಿಸಿದರೆ ಗುರುತಿನ ಸಂಖ್ಯೆಗಳು, ವಾಹನಗಳ ನಂಬರು, ಪೊಲೀಸ್ ದಾಖಲೆಯ ಸಾಲುಗಳು! ಯಂತ್ರದಲ್ಲಿ ಕಾಗದವನ್ನು ಸಾಲಿನ ಉದ್ದಕ್ಕೇ ಸೀಳಿದ್ದರಿಂದ ಸಾಲಿಗೆ ಸಾಲೇ ಇಡಿಯಾಗಿ ಉಳಿದಿತ್ತು. ಮನೆಯಲ್ಲಿ ಹಳೆಯ ಬ್ಯಾಂಕ್ ಕಾಗದ ಕತ್ತರಿಸಿ ಮಾಲೆ ಮಾಡುವವರೇ, ಕೇಳಿಸಿಕೊಂಡಿರಾ? ಸಾಲಿಗೆ ಅಡ್ಡವಾಗಿ ಕತ್ತರಿ ಆಡಿಸಿ!

ಇನ್ನು ದೈತ್ಯರ ಸರದಿ. ಇಟಲಿಯ ಸಮುದ್ರ ತೀರದ ವಿಯಾರೆಜ್ಜೊ ಊರಿನಲ್ಲಿ 1873ರಿಂದ ಕಾರ್ನಿವಲ್ ಮೆರವಣಿಗೆ ನಡೆಯುತ್ತಿದೆ. ಚಳಿ ಇಳಿಯುವ ಹೊತ್ತಿಗೆ ಬೀದಿಗೆ ಬರುವ ರಥಗಳ ಎತ್ತರ 20 ಮೀಟರ್‌ವರೆಗೂ ಹೋಗುತ್ತದೆ. ಅಂದರೆ ಐದಾರು ಮಹಡಿ! ರಾಜಕಾರಣಿಗಳ ಬೃಹತ್ ಮುಖಗಳು ಅವುಗಳ ಮೇಲೆ ಕಣ್ಣು ಹೊರಳಿಸುತ್ತವೆ, ಬಾಯಿ ತೆರೆಯುತ್ತವೆ, ಕೈ ಬೀಸುತ್ತವೆ. ಅಷ್ಟು ದೊಡ್ಡ ತಲೆ ಯಾವುದರದ್ದು? ಹಳೆಯ ದಿನಪತ್ರಿಕೆಯದ್ದು!

ಮೊದಲು ಜೇಡಿಮಣ್ಣಿನಲ್ಲಿ ಮುಖ ತಿದ್ದುತ್ತಾರೆ. ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಮೈಗೆ ಪತ್ರಿಕೆಯ ಪಟ್ಟಿಗಳನ್ನು ಹಿಟ್ಟಿನ ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಹಚ್ಚುತ್ತಾರೆ. ಒಣಗಿದ ಮೇಲೆ ಬಿಡಿಸಿದರೆ ಟೊಳ್ಳು ಮುಖ ಸಿದ್ಧ. 1925ರಲ್ಲಿ ಆಂಟೋನಿಯೊ ದಾರ್ಲಿಯಾನೊ ಈ ವಿಧಾನ ತಂದ ಮೇಲೆ ರಥಗಳ ಗಾತ್ರ ಏರುತ್ತಲೇ ಹೋಯಿತು. ಕಾಗದ ಹಗುರ, ಅದಕ್ಕೇ ದೈತ್ಯ ನಿಲ್ಲುತ್ತಾನೆ! ಇನ್ನೊಂದು ಸ್ವಾರಸ್ಯ ನೋಡಿ. ನಿನ್ನೆ ಆ ನಾಯಕರ ಸುದ್ದಿ ಹೊತ್ತು ಬಂದ ಪತ್ರಿಕೆಯೇ ನಾಳೆ ಅವರ ಮೂಗಾಗುತ್ತದೆ!

ಸ್ಪೇನಿನ ವೆಲೆನ್ಸಿಯಾದಲ್ಲಿ ಬೊಂಬೆ ಕಟ್ಟುವುದೇ ಸುಡುವುದಕ್ಕೆ. ಮಾರ್ಚ್ 19ರ ರಾತ್ರಿ ಊರಿನ ಮೂಲೆಮೂಲೆಯ ಬೃಹತ್ ಬೊಂಬೆಗಳಿಗೆಲ್ಲ ಬೆಂಕಿ. ಹಳೆಯ ಕಾಲದಲ್ಲಿ ಬಡಗಿಗಳು ಚಳಿಗಾಲದ ಮರದ ಚೂರುಪಾರನ್ನು ಸುಡುತ್ತಿದ್ದರಂತೆ. ಅದೇ ಬೆಳೆದು ಹೀಗಾಯಿತು ಎನ್ನುತ್ತಾರೆ. ಕಾಗದ ಅರೆದು ಮಾಡಿದ ಬೊಂಬೆಗಳ ಕಾಲ ಅಲ್ಲಿ ಬಹಳ ನಡೆಯಿತು. ಈಗ ಥರ್ಮಾಕೋಲ್ ಹೆಚ್ಚು ನುಗ್ಗಿದೆ. ನನಗಂತೂ ಕಾಗದವೇ ಚೆಂದ! ಆದರೆ ಕೇಳಿ, 1934ರಿಂದ ಒಂದು ಪದ್ಧತಿ ಇದೆ. ಜನ ಮತ ಹಾಕಿ ಒಂದು ಬೊಂಬೆಯನ್ನು ಬೆಂಕಿಯಿಂದ ಉಳಿಸಿಕೊಳ್ಳುತ್ತಾರೆ. ಅದು ನೇರ ವಸ್ತುಸಂಗ್ರಹಾಲಯಕ್ಕೆ. ಬೊಂಬೆಗೂ ಕ್ಷಮಾದಾನ!

ಮೆಕ್ಸಿಕೊದಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಮಕ್ಕಳ ಕೈಗೆ ಕೋಲು. ಮೇಲೆ ತೂಗುವ ಪಿನ್ಯಾಟ ಒಡೆದರೆ ಹಣ್ಣು, ಮಿಠಾಯಿ ಸುರಿಯುತ್ತದೆ. ಮಣ್ಣಿನ ಮಡಕೆಗೆ ಹಳೆ ಪತ್ರಿಕೆ ಅಂಟಿಸಿ, ಮೇಲೆ ಬಣ್ಣದ ಕಾಗದ ಹಚ್ಚಿದ ನಕ್ಷತ್ರ ಅದು. ಅದಕ್ಕೆ ಏಳು ಕೊಂಬು. ಏಳು ಕೊಂಬೂ ಏಳು ಮಹಾಪಾಪಗಳಂತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪಾಪಕ್ಕೆ ಬಾರಿಸಿ, ಮಿಠಾಯಿ ಗೆಲ್ಲಿ! ನಮ್ಮ ಮೊಸರು ಕುಡಿಕೆ ಒಡೆಯುವ ಹುಡುಗರು ಅಲ್ಲಿಗೆ ಹೋದರೆ ಗೆದ್ದೇ ಬರುತ್ತಾರೆ!

ಅದೇ ಮೆಕ್ಸಿಕೊದ ಪೆಡ್ರೊ ಲಿನಾರೆಸ್ ಅವರ ಕಸುಬೇ ಪಿನ್ಯಾಟ ಮತ್ತು ಹಬ್ಬದ ಕಾಗದದ ಬೊಂಬೆ ಮಾಡುವುದು. 1936ರಲ್ಲಿ ಜ್ವರದಿಂದ ಎಚ್ಚರ ತಪ್ಪಿ ಮಲಗಿದ್ದಾಗ ಒಂದು ಕನಸು ಬಿತ್ತು. ರೆಕ್ಕೆಯ ಕತ್ತೆ, ಕೊಂಬಿನ ಹುಂಜ, ನಾಯಿ ತಲೆಯ ಸಿಂಹ! ಎಲ್ಲವೂ ಸೇರಿ ‘ಅಲೆಬ್ರಿಹೆ’ ಎಂದು ಕೂಗುತ್ತಿದ್ದವಂತೆ. ಚೇತರಿಸಿಕೊಂಡ ಮೇಲೆ ಕಂಡದ್ದನ್ನೆಲ್ಲ ಕಾಗದ, ಅಂಟು, ಬಣ್ಣದಲ್ಲಿ ಮಾಡಿದರು. 1990ರಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿ. ಜ್ವರದ ಕನಸು ಒಂದು ದೇಶದ ಕಲೆಯಾಯಿತು!

ನಮ್ಮ ದೇಶಕ್ಕೆ ಬನ್ನಿ. ಪರದೇಶದ ಮನೆಗಳ ಕ್ರಿಸ್‌ಮಸ್ ಮರದಲ್ಲಿ ತೂಗುವ ಬಣ್ಣದ ಗುಂಡು, ಗಂಟೆ, ನಕ್ಷತ್ರಗಳಲ್ಲಿ ಎಷ್ಟೋ ಶ್ರೀನಗರದ ಗಲ್ಲಿಗಳಲ್ಲಿ ತಯಾರಾದವು. ಮಾಡುವವರು ಕಾಶ್ಮೀರದ ಮುಸ್ಲಿಂ ಕುಶಲಕರ್ಮಿಗಳು. ಒಳಗಿರುವುದು ರದ್ದಿ ಕಾಗದ! ಹಬ್ಬ ಯಾರದ್ದೋ, ಕೈ ಯಾರದ್ದೋ, ಕಾಗದ ಯಾವ ಅಂಗಡಿಯದ್ದೋ!

ಈ ಕೆಲಸದಲ್ಲಿ ಎರಡು ಪಂಗಡ. ಮೊದಲನೆಯದು ಸಖ್ತ್‌ಸಾಜಿ, ಆಕಾರ ಕೊಡುವವರದ್ದು. ರದ್ದಿಯನ್ನು ದಿನಗಟ್ಟಲೆ ನೆನೆಹಾಕಿ, ಒರಳಿನಲ್ಲಿ ಕುಟ್ಟಿ, ಅಕ್ಕಿಯ ಗಂಜಿಯಂಥ ಅಂಟು ಬೆರೆಸಿ, ಅಚ್ಚಿನ ಮೇಲೆ ಮೆತ್ತುತ್ತಾರೆ. ಒಣಗಿದ ಮೇಲೆ ಸಣ್ಣ ಗರಗಸದಿಂದ ಎರಡು ಹೋಳು ಮಾಡಿ, ಒಳಗಿನ ಅಚ್ಚು ತೆಗೆದು, ಹೋಳುಗಳನ್ನು ಮತ್ತೆ ಕೂಡಿಸಿ ಉಜ್ಜಿ ನಯ ಮಾಡುತ್ತಾರೆ. ಕೂಡಿಸಿದ ಗೆರೆ ನಿಮಗೆ ಕಾಣಿಸುವುದೇ ಇಲ್ಲ! ಎರಡನೆಯದು ನಕ್ಕಾಶಿ, ಬಣ್ಣದವರದ್ದು. ಕೂದಲೆಳೆ ಕುಂಚದಲ್ಲಿ ಚಿನಾರ್ ಎಲೆ, ಮಿಂಚುಳ್ಳಿ ಹಕ್ಕಿ, ಹೂವಿನೊಳಗೆ ಹೂವು. ಅಂಗೈಯಲ್ಲಿ ಹಿಡಿಸುವ ಗುಂಡಿನ ಮೇಲೆ ಇಡೀ ತೋಟ!

15ನೇ ಶತಮಾನದ ಸುಲ್ತಾನ ಜೈನುಲ್ ಆಬಿದೀನ್ ಕಾಲದಲ್ಲಿ ಈ ಕಲೆ ಕಣಿವೆಯಲ್ಲಿ ಬೇರೂರಿತು ಎನ್ನುತ್ತಾರೆ. 19ನೇ ಶತಮಾನದಲ್ಲಿ ಕಾಶ್ಮೀರದ ಶಾಲುಗಳು ಫ್ರಾನ್ಸಿಗೆ ಇಂಥ ಕಾಗದದ ಪೆಟ್ಟಿಗೆಗಳಲ್ಲಿ ಹೋಗುತ್ತಿದ್ದವು. ಶಾಲಿಗೆ ಗಿರಾಕಿ ಇದ್ದೇ ಇದ್ದರು. ತಮಾಷೆಯೆಂದರೆ ಪೆಟ್ಟಿಗೆಗೂ ಬೇರೆ ಗಿರಾಕಿ ಹುಟ್ಟಿಕೊಂಡರು! 2021ರಲ್ಲಿ ಶ್ರೀನಗರ ಕರಕುಶಲ ಮತ್ತು ಜಾನಪದ ಕಲೆಗಾಗಿ ಯುನೆಸ್ಕೊದ ಸೃಜನಶೀಲ ನಗರಗಳ ಪಟ್ಟಿ ಸೇರಿತು. ನನ್ನನ್ನು ಕೇಳಿದರೆ ಈ ಇಡೀ ಪುಟದಲ್ಲಿ ಮೊದಲ ಬಹುಮಾನ ಈ ಕೈಗಳಿಗೇ!

ಕರ್ನಾಟಕ ಹಿಂದುಳಿದಿಲ್ಲ ಬಿಡಿ. ಮೈಸೂರು ದಸರಾ ಮೆರವಣಿಗೆಯಲ್ಲಿ ಎರಡಾಳೆತ್ತರದ ಗಾರುಡಿ ಗೊಂಬೆ ಕುಣಿಯುತ್ತದಲ್ಲ, ಅದೇ ತಟ್ಟೀರಾಯ? ಅದರ ಮೈ ಬಿದಿರಿನದು, ಮುಖಕ್ಕೆ ಕಾಗದದ ತಿರುಳು! ಒಳಗೊಬ್ಬ ಮನುಷ್ಯ ಅದನ್ನು ಹೊತ್ತು ಹೆಜ್ಜೆ ಹಾಕುತ್ತಾನೆ. ಮಕ್ಕಳು ಹೆದರಿ ಅಪ್ಪನ ಹೆಗಲೇರುತ್ತಾರೆ!

ದೀಪಾವಳಿ ಬಂತೆಂದರೆ ದಕ್ಷಿಣ ಕನ್ನಡ, ಉಡುಪಿಯ ಮನೆಗಳ ಮುಂದೆ ಗೂಡುದೀಪ. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಅಂಟು, ಒಳಗೊಂದು ದೀಪ. ಅಷ್ಟೇ! ಮಂಗಳೂರಿನ ಕುದ್ರೋಳಿಯಲ್ಲಿ ಗೂಡುದೀಪಕ್ಕೆ ಸ್ಪರ್ಧೆಯೇ ನಡೆಯುತ್ತದೆ. ಸಂಪ್ರದಾಯದ ಗೂಡುದೀಪಕ್ಕೆ ಒಂದು ವಿಭಾಗ, ಹೊಸ ಬಗೆಯದಕ್ಕೆ ಇನ್ನೊಂದು. ಅಂಗಡಿಯ ಪ್ಲಾಸ್ಟಿಕ್ ಗೂಡು ಎಷ್ಟೇ ಮಿನುಗಲಿ, ಕಾಗದದೊಳಗಿಂದ ಸೋಸಿ ಬರುವ ಬೆಳಕು ಅದಕ್ಕೆಲ್ಲಿ ಬರಬೇಕು!

ಕ್ರಿಸ್‌ಮಸ್‌ಗೆ ಮನೆ ಮುಂದೆ ತೂಗುವ ನಕ್ಷತ್ರಕ್ಕೂ ಗಣಿತಕ್ಕೂ ಏನು ಸಂಬಂಧ? ಜರ್ಮನಿಯ ನೀಸ್ಕಿ ಎಂಬಲ್ಲಿ 19ನೇ ಶತಮಾನದ ಆರಂಭದಲ್ಲಿ ಶಾಲಾ ಮಕ್ಕಳು ರೇಖಾಗಣಿತದ ಪಾಠಕ್ಕೆಂದು ಕಾಗದದ ನಕ್ಷತ್ರ ಮಾಡಿದರು. ಅದೇ ಪ್ರಸಿದ್ಧ ಹೆರ್ನ್‌ಹೂಟ್ ನಕ್ಷತ್ರವಾಯಿತು. ಅದರಲ್ಲಿ ಚೌಕ ಬುಡದ 17 ಕೊಂಬು, ತ್ರಿಕೋನ ಬುಡದ 8 ಕೊಂಬು, ಒಟ್ಟು 25. ಲೆಕ್ಕದ ಪ್ರಕಾರ 26 ಇರಬೇಕು. ಇನ್ನೊಂದು ಎಲ್ಲಿ? ಆ ಜಾಗದಲ್ಲೇ ದಾರ ಕಟ್ಟಿ ತೂಗುಹಾಕುವುದು!

ಡೆನ್ಮಾರ್ಕಿನಲ್ಲಿ ಕ್ರಿಸ್‌ಮಸ್ ಮರಕ್ಕೆ ಎರಡು ಬಣ್ಣದ ಕಾಗದವನ್ನು ಹೆಣೆದು ಮಾಡಿದ ಹೃದಯ ತೂಗುತ್ತಾರೆ. ಈಗ ಉಳಿದಿರುವವುಗಳಲ್ಲಿ ಅತಿ ಹಳೆಯದನ್ನು 1860ರ ಸುಮಾರಿಗೆ ಮಾಡಿದವರು ಯಾರು ಗೊತ್ತೇ? ಮಕ್ಕಳ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್! ಅವರು ಕಥೆ ಹೇಳುತ್ತ ಹೇಳುತ್ತಲೇ ಕತ್ತರಿ ಆಡಿಸುತ್ತಿದ್ದರು. ಕಥೆ ಮುಗಿದಾಗ ಕಾಗದ ಬಿಡಿಸಿದರೆ ಹಂಸ, ಕೋಟೆ, ನರ್ತಕಿ! ಇಂಥ ಹೃದಯಕ್ಕೆ ಎರಡು ಬಣ್ಣದ ಹಳೆ ವಾರಪತ್ರಿಕೆಯ ರಕ್ಷಾಪುಟ ಸಾಕು.

ಈಗ ಹುಡುಗಿಯರು ಕಾಗದದ ಪಟ್ಟಿ ಸುತ್ತಿ ಕ್ವಿಲ್ಲಿಂಗ್ ಜುಮುಕಿ ಮಾಡುತ್ತಾರಲ್ಲ? ಹಿಂದೆ ಯುರೋಪಿನ ಕ್ರೈಸ್ತ ಸನ್ಯಾಸಿನಿಯರು ಪುಸ್ತಕದ ಅಂಚು ಕತ್ತರಿಸಿದಾಗ ಬೀಳುವ ಚಿನ್ನದ ಲೇಪದ ಪಟ್ಟಿಗಳನ್ನು ಸುರುಳಿ ಸುತ್ತಿ ಪವಿತ್ರ ಪೆಟ್ಟಿಗೆಗಳನ್ನು ಸಿಂಗರಿಸುತ್ತಿದ್ದರು. ಚಿನ್ನದ ಕೆಲಸ, ಆದರೆ ಪುಸ್ತಕದ ಚೂರಿನಲ್ಲಿ!

ಉಡುಗೊರೆ ಸುತ್ತುವ ಬಣ್ಣದ ಚಿತ್ತಾರದ ಕಾಗದವೂ ಆಕಸ್ಮಿಕವೇ. 1917ರ ಕ್ರಿಸ್‌ಮಸ್ ಸಮಯ, ಅಮೆರಿಕದ ಕ್ಯಾನ್ಸಸ್ ಸಿಟಿ. ಹಾಲ್ ಸಹೋದರರ ಅಂಗಡಿಯಲ್ಲಿ ಸುತ್ತುವ ತೆಳು ಕಾಗದ ಖಾಲಿ. ಗಿರಾಕಿಗಳು ಸಾಲುಗಟ್ಟಿದ್ದಾರೆ. ಲಕೋಟೆಯ ಒಳಗೆ ಹಚ್ಚುವ ಫ್ರಾನ್ಸಿನ ಬಣ್ಣದ ಕಾಗದ ಅಲ್ಲಿತ್ತು. ಅದನ್ನೇ ಹಾಳೆಗೆ 10 ಸೆಂಟಿನಂತೆ ಮಾರಿದರು. ಕ್ಷಣದಲ್ಲಿ ಎಲ್ಲ ಖರ್ಚು! ಆ ಅಂಗಡಿಯೇ ಮುಂದೆ ಹಾಲ್‌ಮಾರ್ಕ್ ಕಂಪನಿ.

ಅಂದಹಾಗೆ ಉಡುಗೊರೆಯ ಕಾಗದ ನಿಜವಾಗಿ ಕಾಗದವೇ, ಪ್ಲಾಸ್ಟಿಕ್ಕೇ? ಮುಷ್ಟಿಯಲ್ಲಿ ಉಂಡೆ ಮಾಡಿ ಬಿಡಿ. ಉಂಡೆಯಾಗಿಯೇ ಉಳಿದರೆ ಕಾಗದ. ಚಟಪಟ ಎಂದು ಬಿಚ್ಚಿಕೊಂಡರೆ ಪ್ಲಾಸ್ಟಿಕ್! ಇನ್ನು ಮಿನುಗು ಪುಡಿ ಅಂಟಿಸಿದ ಕಾಗದ ಮತ್ತೆ ಕಾಗದವಾಗುವುದು ಬಹಳ ಕಷ್ಟ. ಆ ಮಿನುಗೂ ಪ್ಲಾಸ್ಟಿಕ್ಕೇ!

ಇನ್ನೊಂದು ಮೋಜು. ದೊಡ್ಡ ಅಳತೆಯ ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ. ಸರ್ರನೆ ನೆಟ್ಟಗೆ ಹರಿಯುತ್ತದೆ. ಅಡ್ಡಕ್ಕೆ ಹರಿಯಿರಿ. ಎಲ್ಲೆಲ್ಲೋ ಸೊಟ್ಟ! ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೇ ನಾರುಗಳು ಮಲಗಿರುತ್ತವೆ. ಬೊಂಬೆಗೆ ಅಂಟಿಸುವ ಪಟ್ಟಿ ಬೇಕಾದರೆ ಕತ್ತರಿಯೇ ಬೇಡ!

ದಿನಪತ್ರಿಕೆಯ ಹೂವನ್ನು ಬಿಸಿಲಿಗೆ ತೂಗುಹಾಕಿದರೆ ಬೇಗ ಹಳದಿಯಾಗುತ್ತದೆ, ನೋಡಿದ್ದೀರಾ? ಮರದಲ್ಲಿರುವ ಲಿಗ್ನಿನ್ ಆ ಕಾಗದದಲ್ಲೂ ಉಳಿದಿರುತ್ತದೆ. ಬಿಸಿಲು, ಗಾಳಿ ತಾಗಿದರೆ ಅದು ಬಣ್ಣ ತಿರುಗುತ್ತದೆ. ಶರದೃತುವಿನ ಎಲೆ ಮಾಡಬೇಕೆಂದಿದ್ದರೆ ಬಣ್ಣದ ಖರ್ಚೂ ಉಳಿಯಿತು!

ಒಂದೇ ನಾರು ಎಷ್ಟು ಜನ್ಮ ಎತ್ತಬಲ್ಲದು? ಸುಮಾರು 5ರಿಂದ 7! ಪ್ರತಿ ಸಲ ಅರೆದಾಗಲೂ ನಾರು ಗಿಡ್ಡವಾಗುತ್ತ ಹೋಗುತ್ತದೆ. ಬರೆಯುವ ಹಾಳೆಯಾಗಲು ಆಗದಷ್ಟು ಗಿಡ್ಡವಾದರೂ ಮೊಟ್ಟೆಯ ಟ್ರೇ ಆಗಲು ಅದಕ್ಕೆ ಶಕ್ತಿಯಿರುತ್ತದೆ. ಆ ಟ್ರೇಯ ಗುಳಿಗಳನ್ನು ಕತ್ತರಿಸಿ ಬಣ್ಣ ಹಚ್ಚಿ. ಚೆಂದದ ಗಂಟೆ ಹೂವು!

ಕಾಗದವನ್ನು ಏಳು ಸಲಕ್ಕಿಂತ ಹೆಚ್ಚು ಅರ್ಧ ಮಡಚಲಾಗದು ಎಂದು ನೀವೂ ಪಂಥ ಕಟ್ಟಿರಬೇಕು. 2002ರಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ಹುಡುಗಿ ಬ್ರಿಟ್ನಿ ಗ್ಯಾಲಿವನ್ 12 ಸಲ ಮಡಚಿ ತೋರಿಸಿದಳು. ಕಾಗದದ ಉದ್ದ ಸುಮಾರು 1,200 ಮೀಟರ್. ಅದು ಟಾಯ್ಲೆಟ್ ಕಾಗದ!

ಆನೆ ಲದ್ದಿಯಿಂದಲೂ ಕಾಗದವಾಗುತ್ತದೆ! ಆನೆ ತಿಂದದ್ದರಲ್ಲಿ ಅರ್ಧದಷ್ಟೂ ಅರಗುವುದಿಲ್ಲ, ನಾರು ಹಾಗೇ ಹೊರಬರುತ್ತದೆ. ರಾಜಸ್ಥಾನದಲ್ಲೂ ಶ್ರೀಲಂಕಾದಲ್ಲೂ ಅದನ್ನು ತೊಳೆದು, ಕುದಿಸಿ, ಹಾಳೆ ಎತ್ತುತ್ತಾರೆ. ಶುಭಾಶಯ ಪತ್ರಗಳೂ ಅದರಲ್ಲೇ. ಮೂಸಿ ನೋಡಿ, ವಾಸನೆಯೇ ಇಲ್ಲ!

ಕಾಗದದ ಕೊಕ್ಕರೆ ಎಂದರೆ ಹಿರೋಶಿಮಾದ ಸಡಾಕೊ ಸಸಾಕಿ ನೆನಪಾಗಬೇಕು. ಅಣುಬಾಂಬ್ ಬಿದ್ದಾಗ ಆಕೆಗೆ 2 ವರ್ಷ. ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದಾಗ ಸಾವಿರ ಕೊಕ್ಕರೆ ಮಡಚಿದರೆ ಆಸೆ ಈಡೇರುತ್ತದೆಂದು ಮಡಚತೊಡಗಿದಳು. ಕಾಗದಕ್ಕೆ ಎಲ್ಲಿಗೆ ಹೋಗಬೇಕು? ಔಷಧಿ ಸುತ್ತಿ ಬಂದ ಹಾಳೆಗಳನ್ನೇ ಬಳಸಿದಳು. 1955ರ ಅಕ್ಟೋಬರ್ 25ರಂದು, ಇನ್ನೂ 12 ವರ್ಷವಿರುವಾಗ, ತೀರಿಕೊಂಡಳು. ಈಗ ಅಲ್ಲಿನ ಮಕ್ಕಳ ಸ್ಮಾರಕಕ್ಕೆ ಲೋಕದ ಮೂಲೆಮೂಲೆಯಿಂದ ವರ್ಷಕ್ಕೆ ಸುಮಾರು ಒಂದು ಕೋಟಿ ಕೊಕ್ಕರೆ ಬರುತ್ತವೆ, ಅಂದರೆ ಸುಮಾರು 10 ಟನ್! ಅವು ಏನಾಗುತ್ತವೆ ಗೊತ್ತೇ? ಅರೆದು ಮತ್ತೆ ಕಾಗದ ಮಾಡುತ್ತಾರೆ. ಕೊಕ್ಕರೆಗಳು ನೋಟ್‌ಬುಕ್ ಆಗಿ ಮಕ್ಕಳ ಕೈ ಸೇರುತ್ತವೆ!

ಜಪಾನಿನ ಹೊಸ ವರ್ಷಕ್ಕೂ ಹಳೆ ಕಾಗದ ಬೇಕು. ತಕಾಸಾಕಿ ಊರಿನಲ್ಲಿ ಕಾಗದದ ತಿರುಳಿನಿಂದ ದರುಮ ಎಂಬ ಕೆಂಪು ಬೊಂಬೆ ಮಾಡುತ್ತಾರೆ. ಕೈಯಿಲ್ಲ, ಕಾಲಿಲ್ಲ, ತಳ್ಳಿದರೂ ಬೀಳುವುದಿಲ್ಲ, ಎದ್ದು ಕೂರುತ್ತದೆ. ಕೊಳ್ಳುವಾಗ ಎರಡೂ ಕಣ್ಣು ಖಾಲಿ. ಮನಸ್ಸಿನಲ್ಲಿ ಏನಾದರೂ ಕೋರಿಕೊಂಡು ಒಂದು ಕಣ್ಣು ಬರೆಯಬೇಕು. ಕೋರಿಕೆ ಕೈಗೂಡಿದರೆ ಇನ್ನೊಂದು. ವರ್ಷ ಮುಗಿದ ಮೇಲೆ ದೇವಾಲಯಕ್ಕೆ ಒಪ್ಪಿಸಿ ಸುಡಿಸಿ, ಹೊಸ ದರುಮ ತರುತ್ತಾರೆ. ಅಲ್ಲಿ ಚುನಾವಣೆಗೆ ನಿಂತವರ ಕಚೇರಿಯಲ್ಲೂ ದೊಡ್ಡದೊಂದು ದರುಮ ಕೂತಿರುತ್ತದೆ. ಫಲಿತಾಂಶದ ರಾತ್ರಿ ಗೆದ್ದವರು ಕ್ಯಾಮೆರಾ ಮುಂದೆ ಕುಂಚ ಹಿಡಿದು ಎರಡನೇ ಕಣ್ಣು ಬರೆಯುತ್ತಾರೆ. ಒಕ್ಕಣ್ಣಿನ ದರುಮ ಕಂಡರೆ ತಿಳಿಯಿರಿ, ಅಲ್ಲಿ ಆಸೆಯೊಂದು ಇನ್ನೂ ಬಾಕಿ ಇದೆ!